ಮಾತ್ರೆ ಸಾಲದಾದಾಗ: ಔಷಧಕ್ಕೆ ಪೂರ್ತಿ ಮಣಿಯದ ಖಿನ್ನತೆಯ ಬಗ್ಗೆ ತಿಳಿಯಬೇಕಾದದ್ದು

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ ಎಂದು ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ನಮ್ಮ ಮನೆಗಳಲ್ಲಿ ಈಗ ಅಷ್ಟಿಷ್ಟು ಮಾತು ಆರಂಭವಾಗಿದೆ. ಮನೋವೈದ್ಯರ ಬಳಿಗೆ ಹೋಗುವುದು ನಾಚಿಕೆಯ ವಿಷಯವಲ್ಲ ಎಂಬುದು ಹಲವರಿಗೆ ಮನದಟ್ಟಾಗಿದೆ. ಆದರೆ ಈ ಜಾಗೃತಿಯ ಮಾತುಗಳೆಲ್ಲ ಸಾಮಾನ್ಯವಾಗಿ ಒಂದೇ ಕಡೆ ಬಂದು ನಿಲ್ಲುತ್ತವೆ: ವೈದ್ಯರನ್ನು ಕಾಣಿ, ಮಾತ್ರೆ ತೆಗೆದುಕೊಳ್ಳಿ, ಗುಣವಾಗುತ್ತದೆ. ವೈದ್ಯರನ್ನು ಕಂಡು, ಹೇಳಿದಷ್ಟು ಕಾಲ ಮಾತ್ರೆ ನುಂಗಿ, ಆದರೂ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಬೆಟ್ಟದಷ್ಟು ಕೆಲಸವಾಗಿ ಉಳಿದಿರುವವರಿಗೆ ಮುಂದೇನು ಎಂಬುದನ್ನು ವಿವರಿಸುವವರು ಕಡಿಮೆ. ಅಂಥವರು ತಮ್ಮಲ್ಲೇ ಏನೋ ದೋಷವಿದೆ ಎಂದುಕೊಳ್ಳುತ್ತಾರೆ. ಮನೆಯವರು ಔಷಧವೇ ಸುಳ್ಳು ಎಂದುಕೊಳ್ಳುತ್ತಾರೆ. ಎರಡೂ ನಿಜವಲ್ಲ. ಮೊದಲ ಔಷಧ, ಕೆಲವೊಮ್ಮೆ ಎರಡನೆಯದೂ, ಸಾಲದೇ ಹೋಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅಲ್ಲಿಂದ ಮುಂದಕ್ಕೆ ಕ್ರಮಬದ್ಧವಾದ ದಾರಿಗಳಿವೆ. ಅವು ಯಾವುವು, ಹೇಗೆ ಕೆಲಸ ಮಾಡುತ್ತವೆ, ಅವುಗಳ ಮಿತಿಯೇನು ಎಂಬುದೇ ಈ ಲೇಖನದ ವಿಷಯ.

ಖಿನ್ನತೆ ಎಂದರೇನು, ಗುಣವಾಯಿತು ಎಂದರೇನು

ದುಃಖ ಬೇರೆ, ಖಿನ್ನತೆ ಬೇರೆ. ಆಪ್ತರು ತೀರಿಕೊಂಡಾಗ, ಬೆಳೆ ಕೈಕೊಟ್ಟಾಗ, ಕೆಲಸ ಹೋದಾಗ ಮನಸ್ಸು ಕುಗ್ಗುವುದು ಸಹಜ. ವೈದ್ಯರು ಖಿನ್ನತೆ ಎಂದು ಗುರುತಿಸುವುದು ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಪಾಲು, ಮನಸ್ಸು ಕುಗ್ಗಿರುವುದನ್ನು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದನ್ನು. ಅದರ ಜೊತೆಗೆ ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ಸುಸ್ತು, ಏಕಾಗ್ರತೆ ಇಲ್ಲದಿರುವುದು, ತಾನು ಯಾತಕ್ಕೂ ಬಾರದವನು ಎಂಬ ಭಾವ, ಚಲನೆಯಲ್ಲೂ ಮಾತಿನಲ್ಲೂ ನಿಧಾನ, ಸಾವಿನ ಯೋಚನೆ ಮೊದಲಾದ ಲಕ್ಷಣಗಳಲ್ಲಿ ಹಲವು ಇರುತ್ತವೆ. ನಮ್ಮಲ್ಲಿ ಬಹಳ ಮಂದಿ ಇದನ್ನು ಮನಸ್ಸಿನ ಭಾಷೆಯಲ್ಲಿ ಹೇಳುವುದೇ ಇಲ್ಲ. ತಲೆ ಭಾರ, ಮೈಕೈ ನೋವು, ಎದೆಯಲ್ಲಿ ಸಂಕಟ, ನಿಶ್ಶಕ್ತಿ ಎಂದು ಹೇಳಿಕೊಂಡು ಬೇರೆ ಬೇರೆ ವೈದ್ಯರಲ್ಲಿಗೆ ಅಲೆಯುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂಬುದೂ ಅದೇ ಸಮೀಕ್ಷೆಯಲ್ಲಿ ತಿಳಿದ ಸಂಗತಿ.

ಗುಣವಾಗುವುದರಲ್ಲೂ ಹಂತಗಳಿವೆ. ವೈದ್ಯರು ಲಕ್ಷಣಗಳಿಗೆ ಅಂಕ ಕೊಟ್ಟು ಅಳೆಯುತ್ತಾರೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪಟ್ಟಿ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ; ಅದರಲ್ಲಿ ಅಂಕ 0ಯಿಂದ 27ರವರೆಗೆ ಹೋಗುತ್ತದೆ. ಚಿಕಿತ್ಸೆಯಿಂದ ಅಂಕ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದರೆ ಔಷಧ ಹಿಡಿದಿದೆ ಎಂದು ಲೆಕ್ಕ. ಲಕ್ಷಣಗಳು ಬಹುಮಟ್ಟಿಗೆ ಇಲ್ಲವಾದರೆ ಮಾತ್ರ ಉಪಶಮನ ಎನ್ನುತ್ತಾರೆ. 22 ಅಂಕ ಇದ್ದವರು 11ಕ್ಕೆ ಇಳಿದರೆ ಕಾಗದದ ಮೇಲೆ ಅದು ದೊಡ್ಡ ಸುಧಾರಣೆ. ಆದರೆ ಆ 11 ಅಂಕದ ಜೊತೆ ದಿನವೂ ಬದುಕುವವರಿಗೆ ಕೆಲಸವೂ ಕಷ್ಟ, ಜನರೊಡನೆ ಬೆರೆಯುವುದೂ ಕಷ್ಟ. ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ನಿಜಕ್ಕೂ ಈ ಮಧ್ಯದ ಸ್ಥಿತಿಯಲ್ಲಿರುತ್ತಾರೆ. ಔಷಧ ಏನೂ ಮಾಡಿಲ್ಲ ಎಂದಲ್ಲ, ಸಾಕಾಗುವಷ್ಟು ಮಾಡಿಲ್ಲ. ಈ ವ್ಯತ್ಯಾಸವನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳುವುದು ಮುಖ್ಯ, ಏಕೆಂದರೆ ಮುಂದಿನ ಹೆಜ್ಜೆ ಅದನ್ನೇ ಅವಲಂಬಿಸುತ್ತದೆ.

ಔಷಧಗಳು ಮಾಡುವುದೇನು

ಖಿನ್ನತೆಯ ಮೊದಲ ಔಷಧಗಳು ದೊರೆತದ್ದು 1950ರ ದಶಕದಲ್ಲಿ, ಬಹುಮಟ್ಟಿಗೆ ಆಕಸ್ಮಿಕವಾಗಿ. ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಾಜಿಡ್ ರೋಗಿಗಳ ಮನಸ್ಸನ್ನು ಉಲ್ಲಸಿತಗೊಳಿಸಿದ್ದು ಗಮನಕ್ಕೆ ಬಂತು. ಸ್ವಿಟ್ಜರ್ಲೆಂಡಿನಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್‌ನ ಗುಣವನ್ನು ಗುರುತಿಸಿದರು. 1987ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಫ್ಲುಆಕ್ಸೆಟಿನ್ ಮತ್ತು ಅದರ ಗುಂಪಿನ ಸರ್ಟ್ರಲಿನ್, ಎಸಿಟಲೋಪ್ರಾಮ್ ಮೊದಲಾದವು ಇಂದು ಹೆಚ್ಚಾಗಿ ಬರೆದುಕೊಡುವ ಮಾತ್ರೆಗಳು. ಇವು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆಯುತ್ತವೆ.

ಇದನ್ನೇ ಸರಳಗೊಳಿಸಿ, ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾದದ್ದೇ ಖಿನ್ನತೆ ಎಂದು ಬಹುಕಾಲ ಹೇಳಲಾಗುತ್ತಿತ್ತು. ಆ ವಿವರಣೆಗೆ ಗಟ್ಟಿ ಆಧಾರವಿಲ್ಲ ಎಂದು 2022ರಲ್ಲಿ ಪ್ರಕಟವಾದ ಒಂದು ವ್ಯಾಪಕ ಪರಾಮರ್ಶೆ ಹೇಳಿತು. ಹಾಗೆಂದು ಔಷಧಗಳೇ ನಿಷ್ಪ್ರಯೋಜಕ ಎಂದಾಗುವುದಿಲ್ಲ. 522 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಒಂದು ಅಧ್ಯಯನದಲ್ಲಿ, ಪರೀಕ್ಷಿಸಿದ 21 ಔಷಧಗಳೂ ಔಷಧದ ಅಂಶವಿಲ್ಲದ ಹುಸಿಮಾತ್ರೆಗಿಂತ ಹೆಚ್ಚು ಪರಿಣಾಮ ಬೀರಿದ್ದವು. ಆದರೆ ಆ ಹೆಚ್ಚಿನ ಪರಿಣಾಮ ಸರಾಸರಿಯಲ್ಲಿ ಸಾಧಾರಣ ಪ್ರಮಾಣದ್ದು. ಖಿನ್ನತೆ ಒಂದೇ ಕಾರಣದಿಂದ ಹುಟ್ಟುವ ಒಂದೇ ಕಾಯಿಲೆಯಲ್ಲ. ವಂಶವಾಹಿ, ಬಾಲ್ಯದ ಪೆಟ್ಟುಗಳು, ದೀರ್ಘಕಾಲದ ಒತ್ತಡ, ದೇಹದ ಉರಿಯೂತ, ಹಾರ್ಮೋನುಗಳು, ಬದುಕಿನ ಪರಿಸ್ಥಿತಿ ಇವೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಸೇರಿ ಅದನ್ನು ರೂಪಿಸುತ್ತವೆ. ಹೀಗಿರುವಾಗ ಒಂದೇ ಮಾತ್ರೆ ಎಲ್ಲರಿಗೂ ಒಗ್ಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಎಷ್ಟು ಮಂದಿಗೆ ಸಾಲುವುದಿಲ್ಲ

ಈ ಪ್ರಶ್ನೆಗೆ ಹೆಚ್ಚಾಗಿ ಉಲ್ಲೇಖಿಸುವುದು ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದ ಸ್ಟಾರ್-ಡಿ ಎಂಬ ಅಧ್ಯಯನವನ್ನು. ಅದರ ಮುಖ್ಯ ಫಲಿತಾಂಶಗಳು 2006ರಲ್ಲಿ ಪ್ರಕಟವಾದವು. ಎಲ್ಲರಿಗೂ ಮೊದಲು ಸಿಟಲೋಪ್ರಾಮ್ ಕೊಟ್ಟರು. ಅದರಿಂದ ಉಪಶಮನ ಕಂಡವರು ಸುಮಾರು ಮೂರನೆಯ ಒಂದು ಭಾಗ. ಉಳಿದವರಿಗೆ ಔಷಧ ಬದಲಿಸಿದರು ಅಥವಾ ಇನ್ನೊಂದನ್ನು ಸೇರಿಸಿದರು. ಎರಡನೆಯ ಹಂತದಲ್ಲಿಯೂ ಗಣನೀಯ ಸಂಖ್ಯೆಯ ಜನರಿಗೆ ಗುಣ ಕಂಡಿತು. ಆದರೆ ಮೂರನೆಯ, ನಾಲ್ಕನೆಯ ಹಂತಗಳಲ್ಲಿ ಉಪಶಮನದ ಪ್ರಮಾಣ ಶೇ 13-14ರ ಆಸುಪಾಸಿಗೆ ಕುಸಿಯಿತು. ನಾಲ್ಕೂ ಹಂತ ದಾಟಿದರೆ ಒಟ್ಟು ಶೇ 67ರಷ್ಟು ಮಂದಿ ಗುಣ ಕಾಣಬಹುದು ಎಂದು ಸಂಶೋಧಕರು ಅಂದಾಜು ಮಾಡಿದರು. ಮಧ್ಯದಲ್ಲಿ ಬಿಟ್ಟುಹೋದವರೂ ಉಳಿದವರಷ್ಟೇ ಗುಣವಾಗುತ್ತಿದ್ದರು ಎಂಬ ಊಹೆ ಆ ಅಂದಾಜಿನ ಹಿಂದಿತ್ತು. 2023ರಲ್ಲಿ ಅದೇ ಮಾಹಿತಿಯನ್ನು ಮೂಲ ಯೋಜನೆಯ ನಿಯಮಗಳಂತೆ ಮರುವಿಶ್ಲೇಷಿಸಿದ ಇನ್ನೊಂದು ತಂಡ ಆ ಸಂಖ್ಯೆಯನ್ನು ಶೇ 35 ಎಂದಿತು. ಇವುಗಳಲ್ಲಿ ಯಾವುದು ಸರಿ ಎಂಬ ವಾದ ತಜ್ಞರ ನಡುವೆ ಇದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಮಾತ್ರೆಯಿಂದ ಪೂರ್ತಿ ಗುಣವಾಗದವರು ಅಪರೂಪದ ಕೆಲವರಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ಎರಡು ಬೇರೆ ಬೇರೆ ಖಿನ್ನತೆ ನಿವಾರಕಗಳನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ಕಾಲ, ಅಂದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ತೆಗೆದುಕೊಂಡರೂ ಗುಣ ಕಾಣದಿದ್ದರೆ ಅದನ್ನು ಚಿಕಿತ್ಸೆಗೆ ಮಣಿಯದ ಖಿನ್ನತೆ ಎಂದು ಕರೆಯುವುದು ರೂಢಿ. ಇದು ರೋಗಿಯ ಮೇಲಿನ ತೀರ್ಪಲ್ಲ. ಇಷ್ಟನ್ನು ಪ್ರಯತ್ನಿಸಿಯಾಗಿದೆ, ಮುಂದಿನದನ್ನು ಯೋಚಿಸಬೇಕು ಎಂದು ವೈದ್ಯರು ತಮಗೆ ತಾವೇ ಬರೆದುಕೊಳ್ಳುವ ಗುರುತು.

ಮೊದಲು ಮಾಡಬೇಕಾದ ತಪಾಸಣೆ

ತೋಟದ ಕೊಳವೆಬಾವಿಯಿಂದ ನೀರು ಬರದಿದ್ದರೆ ಯಾವ ರೈತನೂ ಮರುದಿನವೇ ಹೊಸ ಬಾವಿ ಕೊರೆಸುವುದಿಲ್ಲ. ಕರೆಂಟ್ ಇದೆಯೇ, ಮೋಟಾರು ಸುಟ್ಟಿದೆಯೇ, ಪೈಪು ಎಲ್ಲಾದರೂ ಒಡೆದಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಔಷಧ ಹಿಡಿಯಲಿಲ್ಲ ಎಂದಾಗಲೂ ಮಾಡಬೇಕಾದದ್ದು ಇದನ್ನೇ. ಮೇಲ್ನೋಟಕ್ಕೆ ಮಣಿಯದಂತೆ ಕಾಣುವ ಖಿನ್ನತೆಯಲ್ಲಿ ಒಂದು ದೊಡ್ಡ ಪಾಲು ನಿಜವಾಗಿ ಹಾಗಿರುವುದಿಲ್ಲ.

ಮೊದಲ ಪ್ರಶ್ನೆ, ಔಷಧ ಸರಿಯಾಗಿ ದೇಹ ಸೇರಿದೆಯೇ ಎಂಬುದು. ಈ ಮಾತ್ರೆಗಳು ನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಇನ್ನೂ ಹೆಚ್ಚು. ಓಕರಿಕೆ, ಹೊಟ್ಟೆ ಕೆಡುವುದು, ಚಡಪಡಿಕೆ ಮಾತ್ರ ಮೊದಲ ವಾರದಲ್ಲೇ ಬಂದುಬಿಡುತ್ತವೆ. ಹೀಗಾಗಿ ತೊಂದರೆಯನ್ನಷ್ಟೇ ಕಂಡು, ಫಲ ಕಾಣುವ ಮೊದಲೇ ನಿಲ್ಲಿಸುವವರು ಬಹಳ. ಲೈಂಗಿಕ ಆಸಕ್ತಿ ಕುಂದುವುದು ಈ ಗುಂಪಿನ ಮಾತ್ರೆಗಳ ಸಾಮಾನ್ಯ ಅಡ್ಡಪರಿಣಾಮ. ಅದನ್ನು ವೈದ್ಯರಲ್ಲಿ ಹೇಳಲು ಸಂಕೋಚಪಟ್ಟು ಸದ್ದಿಲ್ಲದೆ ಮಾತ್ರೆ ಬಿಟ್ಟವರಿಗೆ, ಹೇಳಿದ್ದರೆ ಬೇರೆ ಔಷಧ ಸಿಗುತ್ತಿತ್ತು. ಆರಂಭದ ಕಡಿಮೆ ಡೋಸ್‌ನಲ್ಲೇ ತಿಂಗಳುಗಟ್ಟಲೆ ಮುಂದುವರಿದು, ಅದನ್ನು ಏರಿಸದೇ ಉಳಿದವರೂ ಇದ್ದಾರೆ.

ಎರಡನೆಯದು, ಇದು ಖಿನ್ನತೆಯೇ, ಅಥವಾ ಬೇರೊಂದರ ಮುಖವೇ ಎಂಬುದು. ಇಲ್ಲಿ ಬಹಳ ಮುಖ್ಯವಾದದ್ದು ಬೈಪೋಲಾರ್ ಕಾಯಿಲೆ. ಅದರಲ್ಲಿ ಖಿನ್ನತೆಯ ಅವಧಿಗಳ ಜೊತೆಗೆ, ಹಿಂದೆ ಯಾವಾಗಲೋ, ನಿದ್ದೆಯ ಅಗತ್ಯವೇ ಇಲ್ಲದಂಥ ಹುರುಪು, ಮಿತಿಮೀರಿದ ಖರ್ಚು, ನಿಲ್ಲದ ಮಾತಿನ ದಿನಗಳೂ ಬಂದುಹೋಗಿರುತ್ತವೆ. ಆ ದಿನಗಳನ್ನು ಯಾರೂ ಕಾಯಿಲೆ ಎಂದು ಹೇಳುವುದಿಲ್ಲ. ಆಗ ಚೆನ್ನಾಗಿದ್ದ ಎನ್ನುತ್ತಾರೆ. ಈ ಕಾಯಿಲೆಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಸಾಲದು, ಕೆಲವೊಮ್ಮೆ ಏರುಪೇರು ಹೆಚ್ಚುತ್ತದೆ. ಮನೆಯವರು ಜೊತೆಗೆ ಹೋಗಿ ಹಳೆಯದನ್ನು ನೆನಪಿಸಿ ಹೇಳುವುದರಿಂದ ಇಲ್ಲಿ ದೊಡ್ಡ ಸಹಾಯವಾಗುತ್ತದೆ.

ಮೂರನೆಯದು ದೇಹದ ತೊಂದರೆಗಳು. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಖಿನ್ನತೆಯಂಥದೇ ಲಕ್ಷಣಗಳು ಬರುತ್ತವೆ. ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ವಿಟಮಿನ್ ಬಿ12 ಕೊರತೆ, ರಕ್ತಹೀನತೆ, ನಿದ್ದೆಯಲ್ಲಿ ಉಸಿರುಗಟ್ಟುವ ಸ್ಲೀಪ್ ಆಪ್ನಿಯಾ, ದೀರ್ಘಕಾಲದ ನೋವು ಇವನ್ನೆಲ್ಲ ನೋಡಬೇಕು. ಮದ್ಯಪಾನ ಖಿನ್ನತೆಯನ್ನು ಹೆಚ್ಚಿಸುವುದಲ್ಲದೆ ಔಷಧದ ಫಲವನ್ನೂ ತಗ್ಗಿಸುತ್ತದೆ. ಸ್ಟಿರಾಯ್ಡ್‌ನಂಥ ಕೆಲವು ಔಷಧಗಳೂ ಮನಸ್ಸನ್ನು ಕುಗ್ಗಿಸಬಲ್ಲವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಲವು ಖಿನ್ನತೆ ನಿವಾರಕಗಳನ್ನು ಬೇಗನೆ ದೇಹದಿಂದ ಹೊರಹಾಕುತ್ತದೆ. ಆದ್ದರಿಂದ ಬೇರೆ ಯಾವ ಕಾಯಿಲೆಗೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂಬ ಪಟ್ಟಿ ಮನೋವೈದ್ಯರ ಮುಂದಿರಬೇಕು.

ಇನ್ನೊಂದು ವಿಷಯವೂ ಉಳಿಯುತ್ತದೆ. ಮನೆಯಲ್ಲಿ ದಿನವೂ ಹೊಡೆತ ತಿನ್ನುವ ಹೆಂಗಸಿಗೆ, ಸಾಲಗಾರರು ಬಾಗಿಲಿಗೆ ಬರುವ ಮನೆಯ ಯಜಮಾನನಿಗೆ, ಮಾತ್ರೆಯೊಂದರಿಂದಲೇ ನೆಮ್ಮದಿ ತರಲಾಗದು. ಅಲ್ಲಿ ಔಷಧದ ಜೊತೆಗೆ ಕಾನೂನಿನ, ಹಣಕಾಸಿನ, ನೆಂಟರಿಷ್ಟರ ನೆರವೂ ಬೇಕು. ಅದನ್ನು ಬಿಟ್ಟು ಡೋಸ್ ಏರಿಸುತ್ತಲೇ ಹೋಗುವುದು ಸರಿಯಾದ ಚಿಕಿತ್ಸೆಯಲ್ಲ.

ಔಷಧ ಬದಲಿಸುವುದು, ಸೇರಿಸುವುದು

ತಪಾಸಣೆಯ ನಂತರವೂ ಖಿನ್ನತೆ ಉಳಿದರೆ ವೈದ್ಯರ ಮುಂದೆ ಎರಡು ದಾರಿ. ಮೊದಲ ಔಷಧದಿಂದ ಏನೂ ಪ್ರಯೋಜನ ಆಗದಿದ್ದರೆ ಅಥವಾ ಅದು ಒಗ್ಗದಿದ್ದರೆ ಬೇರೆಯದಕ್ಕೆ ಬದಲಿಸುತ್ತಾರೆ. ಸ್ವಲ್ಪ ಪ್ರಯೋಜನ ಆಗಿದ್ದರೆ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಜೊತೆಗೂಡಿಸುತ್ತಾರೆ. ಹೀಗೆ ಜೊತೆಗೂಡಿಸುವ ಔಷಧಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಲಿಥಿಯಂ. ಅದನ್ನು ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್ ಮತ್ತು ಮೂತ್ರಪಿಂಡದ ಕೆಲಸವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಅರಿಪಿಪ್ರಜೋಲ್, ಕ್ವೆಟಿಯಾಪಿನ್ ಎಂಬವನ್ನೂ ಕಡಿಮೆ ಪ್ರಮಾಣದಲ್ಲಿ ಸೇರಿಸುತ್ತಾರೆ. ಇವು ಮೂಲತಃ ಸ್ಕಿಜೋಫ್ರೀನಿಯಾಕ್ಕೆ ಬಳಸುವ ಔಷಧಗಳು. ಅಂತರ್ಜಾಲದಲ್ಲಿ ಹೆಸರು ಹುಡುಕಿ ನೋಡಿದವರು, ವೈದ್ಯರು ತಮ್ಮಿಂದ ಏನೋ ಮುಚ್ಚಿಟ್ಟಿದ್ದಾರೆ ಎಂದು ಗಾಬರಿಯಾಗುವುದುಂಟು. ಹಾಗೇನೂ ಇಲ್ಲ, ಖಿನ್ನತೆಯಲ್ಲೂ ಅವಕ್ಕೆ ಒಪ್ಪಿತ ಸ್ಥಾನವಿದೆ. ತೂಕ ಏರುವುದು, ಮಂಪರು, ಕೂತಲ್ಲಿ ಕೂರಲಾಗದ ಚಡಪಡಿಕೆ ಇವುಗಳ ಅಡ್ಡಪರಿಣಾಮಗಳು.

ಅಮೆರಿಕದ 1,522 ಮಾಜಿ ಸೈನಿಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿಪಿಪ್ರಜೋಲ್ ಸೇರಿಸಿದವರಲ್ಲಿ ಸುಮಾರು ಶೇ 29 ಮಂದಿಗೆ, ಬೇರೆ ಔಷಧಕ್ಕೆ ಬದಲಿಸಿದವರಲ್ಲಿ ಸುಮಾರು ಶೇ 22 ಮಂದಿಗೆ ಉಪಶಮನ ಸಿಕ್ಕಿತು. ವ್ಯತ್ಯಾಸ ಇದೆ, ಆದರೆ ದೊಡ್ಡದಲ್ಲ. ಔಷಧದ ಮೇಲೆ ಔಷಧ ಸೇರಿಸುತ್ತ ಹೋಗುವುದಕ್ಕೂ ಒಂದು ಮಿತಿ ಇದೆ ಎಂಬುದನ್ನು ಇಂಥ ಅಂಕಿಗಳು ತೋರಿಸುತ್ತವೆ.

ಮಾತಿನ ಚಿಕಿತ್ಸೆ

ನಮ್ಮಲ್ಲಿ ಬಹಳ ಕಡೆ ಚಿಕಿತ್ಸೆ ಎಂದರೆ ಚೀಟಿ ಮತ್ತು ಮಾತ್ರೆ. ಮನೋಚಿಕಿತ್ಸೆಯನ್ನು ಬುದ್ಧಿಮಾತು ಹೇಳುವುದು ಎಂದೇ ತಿಳಿದವರು ಹೆಚ್ಚು. ಅದು ಬುದ್ಧಿಮಾತಲ್ಲ. ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ ಎಂದು ಕರೆಯುವ ವಿಧಾನದಲ್ಲಿ, ತಾನು ಏನೂ ಮಾಡಲಾರೆ ಎಂಬಂಥ ತಾನೇ ತಾನಾಗಿ ಹುಟ್ಟುವ ಯೋಚನೆಗಳನ್ನು ಗುರುತಿಸಿ, ಅವಕ್ಕೆ ಆಧಾರವಿದೆಯೇ ಎಂದು ಪರೀಕ್ಷಿಸಿ, ವಾರದಿಂದ ವಾರಕ್ಕೆ ನಿರ್ದಿಷ್ಟ ಕೆಲಸಗಳನ್ನು ಅಭ್ಯಾಸ ಮಾಡಿಸುತ್ತಾರೆ. ಔಷಧಕ್ಕೆ ಮಣಿಯದವರಲ್ಲೇ ಇದನ್ನು ಪರೀಕ್ಷಿಸಿದ ಬ್ರಿಟನ್ನಿನ 2013ರ ಅಧ್ಯಯನವೊಂದು ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಅತಿ ಮುಖ್ಯವಾದವುಗಳಲ್ಲಿ ಒಂದು. 469 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಸಿಬಿಟಿ ಕೊಟ್ಟಾಗ, ಆರು ತಿಂಗಳಲ್ಲಿ ಶೇ 46 ಮಂದಿಯ ಲಕ್ಷಣಗಳು ಅರ್ಧಕ್ಕಿಳಿದವು. ಸಿಬಿಟಿ ಸಿಗದವರಲ್ಲಿ ಅದು ಶೇ 22 ಮಾತ್ರ. ಕೆಲವು ವರ್ಷಗಳ ನಂತರವೂ ಆ ಅಂತರ ಪೂರ್ತಿ ಅಳಿಸಿರಲಿಲ್ಲ.

ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಎಲ್ಲ ಊರಿನಲ್ಲೂ ಸಿಗುವುದಿಲ್ಲ ಎಂಬುದು ನಿಜವಾದ ತೊಡಕು. ಇದಕ್ಕೆ ಹತ್ತಿರದಲ್ಲೇ ಒಂದು ಉತ್ತರ ದೊರೆತಿದೆ. ಗೋವಾದಲ್ಲಿ ಸಂಗಾತ್ ಸಂಸ್ಥೆ, ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇರುವವರಿಗೆ ಚಟುವಟಿಕೆ ಆಧಾರಿತ ಸರಳ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡಿಸಿತು. ಎಂದಿನ ಆರೈಕೆಯಷ್ಟೇ ಪಡೆದವರಿಗಿಂತ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಸ್ಪಷ್ಟವಾಗಿ ಹೆಚ್ಚು ಮಂದಿ ಚೇತರಿಸಿಕೊಂಡರು.

ಇಸಿಟಿ: ಹೆದರಿಕೆ ಮತ್ತು ವಾಸ್ತವ

ಇಸಿಟಿ ಎಂದರೆ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ. ಜನ ಇದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ, ಶಾಕ್ ಟ್ರೀಟ್‌ಮೆಂಟ್ ಎನ್ನುತ್ತಾರೆ. ಸಿನಿಮಾಗಳಲ್ಲಿ ಕೈಕಾಲು ಕಟ್ಟಿ, ಕಿರುಚಾಟದ ನಡುವೆ ಕೊಡುವ ದೃಶ್ಯವೇ ಎಲ್ಲರ ಮನಸ್ಸಿನಲ್ಲಿ ಕುಳಿತಿದೆ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಮೊದಲು ಪ್ರಯೋಗಿಸಿದಾಗ ಅರಿವಳಿಕೆ ಇರಲಿಲ್ಲ, ನಿಜ. ಇಂದಿನ ವಿಧಾನ ಬೇರೆ. ರೋಗಿಗೆ ಅರಿವಳಿಕೆ ಕೊಟ್ಟು ನಿದ್ದೆ ಬರಿಸುತ್ತಾರೆ, ಸ್ನಾಯುಗಳು ಸಡಿಲಗೊಳ್ಳುವ ಔಷಧ ಕೊಡುತ್ತಾರೆ, ಆಮ್ಲಜನಕ ಕೊಡುತ್ತಾರೆ. ಆನಂತರ ತಲೆಯ ಮೇಲೆ ಇಟ್ಟ ಎಲೆಕ್ಟ್ರೋಡ್‌ಗಳ ಮೂಲಕ ಕೆಲವೇ ಸೆಕೆಂಡು ನಿಯಂತ್ರಿತ ವಿದ್ಯುತ್ ಹಾಯಿಸುತ್ತಾರೆ. ಮೆದುಳಿನಲ್ಲಿ ಒಂದು ನಿಮಿಷದೊಳಗೆ ಮುಗಿಯುವ ಅಪಸ್ಮಾರದಂಥ ಚಟುವಟಿಕೆ ನಡೆಯುತ್ತದೆ. ದೇಹ ಹೆಚ್ಚು ಅಲುಗುವುದಿಲ್ಲ. ವಾರಕ್ಕೆ ಎರಡು-ಮೂರು ಬಾರಿಯಂತೆ, ಸಾಮಾನ್ಯವಾಗಿ 6ರಿಂದ 12 ಬಾರಿ ಇದನ್ನು ಕೊಡಬೇಕಾಗುತ್ತದೆ.

ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಅಪ್ರಾಪ್ತ ವಯಸ್ಕರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಸಂಬಂಧಪಟ್ಟ ಮಂಡಳಿಯ ಪೂರ್ವಾನುಮತಿ ಬೇಕು.

ಇಸಿಟಿಯ ಸಂಶೋಧನೆಯಲ್ಲಿ ಬೆಂಗಳೂರಿಗೆ ಗಟ್ಟಿಯಾದ ಸ್ಥಾನವಿದೆ. ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು ಇಸಿಟಿಯನ್ನೂ ಇಮಿಪ್ರಮಿನ್ ಮಾತ್ರೆಯನ್ನೂ ಹೋಲಿಸಿ ನಡೆಸಿದ ಅಧ್ಯಯನ 1982ರಲ್ಲೇ ಬ್ರಿಟನ್ನಿನ ಪ್ರಮುಖ ಮನೋವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಊಟ ನೀರು ಬಿಟ್ಟು ಮಲಗಿದವರಿಗೆ, ಖಿನ್ನತೆಯ ಜೊತೆ ಭ್ರಮೆಗಳಿರುವವರಿಗೆ, ವಯಸ್ಸಾದವರಿಗೆ, ಆತ್ಮಹತ್ಯೆಯ ಅಪಾಯ ತೀರ ಹತ್ತಿರವಿರುವವರಿಗೆ ಇದು ಬೇಗ ಫಲ ಕೊಡುವ ಚಿಕಿತ್ಸೆ. ತೊಂದರೆಯೂ ಇದೆ, ಅದನ್ನು ಮುಚ್ಚಿಡಬಾರದು. ಚಿಕಿತ್ಸೆಯ ಅವಧಿಯ ಆಸುಪಾಸಿನ ನೆನಪುಗಳು ಮಸುಕಾಗುತ್ತವೆ. ಹೊಸದನ್ನು ನೆನಪಿಡುವ ಶಕ್ತಿ ಸಾಮಾನ್ಯವಾಗಿ ವಾರಗಳಲ್ಲಿ ಮರಳಿದರೂ, ಕೆಲವರಿಗೆ ಹಿಂದಿನ ಕೆಲವು ತಿಂಗಳ ನೆನಪುಗಳು ಶಾಶ್ವತವಾಗಿ ಹೋಗುತ್ತವೆ. ಚೇತರಿಸಿಕೊಂಡ ಮೇಲೆ ಔಷಧ ಮುಂದುವರಿಸಿದರೂ ಒಂದು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಖಿನ್ನತೆ ಮರುಕಳಿಸುತ್ತದೆ. ಆದ್ದರಿಂದ ಇಸಿಟಿ ಮುಗಿದ ನಂತರದ ಯೋಜನೆ ಏನು ಎಂಬುದನ್ನು ಆರಂಭದಲ್ಲೇ ಕೇಳಬೇಕು.

ಟಿಎಂಎಸ್ ಮತ್ತು ಕೆಟಮಿನ್

ಟಿಎಂಎಸ್ ಎಂದರೆ ಕಾಂತೀಯ ಸ್ಪಂದನಗಳಿಂದ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ. ಇದರಲ್ಲಿ ಅರಿವಳಿಕೆ ಬೇಡ. ಕುರ್ಚಿಯಲ್ಲಿ ಕುಳಿತವರ ಹಣೆಯ ಎಡಭಾಗದ ಮೇಲೆ ಸುರುಳಿಯೊಂದನ್ನು ಹಿಡಿದು ಕಾಂತೀಯ ಸ್ಪಂದನಗಳನ್ನು ಕಳಿಸುತ್ತಾರೆ. ಅದು ಮೆದುಳಿನ ಆ ಭಾಗದ ನರಕೋಶಗಳನ್ನು ಪ್ರಚೋದಿಸುತ್ತದೆ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಅಮೆರಿಕದಲ್ಲಿ 2008ರಲ್ಲಿ ಇದಕ್ಕೆ ಅನುಮೋದನೆ ಸಿಕ್ಕಿತು. ಪ್ರತಿ ಬಾರಿ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಿಕಿತ್ಸೆಗೆ ಬದಲಾಗಿ ಮೂರೇ ನಿಮಿಷದ ವಿಧಾನವೂ ಅಷ್ಟೇ ಫಲ ಕೊಡುತ್ತದೆ ಎಂದು 2018ರ ಅಧ್ಯಯನ ತೋರಿಸಿದೆ. ತಲೆನೋವು ಸಾಮಾನ್ಯ, ಫಿಟ್ಸ್ ಅಪರೂಪ. ತಲೆಯೊಳಗೆ ಲೋಹದ ಸಾಧನ ಇರುವವರಿಗೆ ಇದು ಸಲ್ಲದು. ತೀವ್ರವಾದ ಖಿನ್ನತೆಯಲ್ಲಿ ಇಸಿಟಿಯಷ್ಟು ಬಲವಾದದ್ದಲ್ಲ.

ಕೆಟಮಿನ್ ನಮ್ಮ ಆಪರೇಷನ್ ಥಿಯೇಟರ್‌ಗಳಲ್ಲಿ ದಶಕಗಳಿಂದ ಇರುವ ಅರಿವಳಿಕೆ ಔಷಧ. ಅದನ್ನು ಕಡಿಮೆ ಪ್ರಮಾಣದಲ್ಲಿ, ಸುಮಾರು 40 ನಿಮಿಷ ಡ್ರಿಪ್ ಮೂಲಕ ಕೊಟ್ಟಾಗ ಕೆಲವು ಗಂಟೆಗಳಲ್ಲೇ ಖಿನ್ನತೆ ತಗ್ಗುವುದು 2000ದ ನಂತರದ ಪ್ರಯೋಗಗಳಲ್ಲಿ ಕಂಡುಬಂತು. ಅದರ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಅನುಮೋದನೆ ಕೊಟ್ಟಿತು. ಭ್ರಮೆಗಳಿಲ್ಲದ, ಔಷಧಕ್ಕೆ ಮಣಿಯದ ಖಿನ್ನತೆ ಇದ್ದವರಲ್ಲಿ ಇಸಿಟಿಯೊಂದಿಗೆ ಹೋಲಿಸಿದ 2023ರ ಅಮೆರಿಕನ್ ಅಧ್ಯಯನದಲ್ಲಿ ಕೆಟಮಿನ್ ಪಡೆದ ಶೇ 55 ಮಂದಿಗೆ, ಇಸಿಟಿ ಪಡೆದ ಶೇ 41 ಮಂದಿಗೆ ಗುಣ ಕಂಡಿತು. ಆದರೆ ಒಮ್ಮೆ ಕೊಟ್ಟ ಕೆಟಮಿನ್‌ನ ಫಲ ಕೆಲವು ದಿನಗಳಲ್ಲಿ ಇಳಿಯುತ್ತದೆ, ಮತ್ತೆ ಮತ್ತೆ ಕೊಡಬೇಕಾಗುತ್ತದೆ. ರಕ್ತದೊತ್ತಡ ಏರುವುದು, ದೇಹದಿಂದ ತಾನು ಬೇರ್ಪಟ್ಟಂತೆ ಅನಿಸುವುದು, ಚಟವಾಗುವ ಸಾಧ್ಯತೆ ಇವೆಲ್ಲ ಇರುವುದರಿಂದ, ನಿಗಾ ವಹಿಸುವ ಆಸ್ಪತ್ರೆಯಲ್ಲಲ್ಲದೆ ಬೇರೆಲ್ಲೂ ಇದನ್ನು ಪಡೆಯಬಾರದು.

ಪೂರ್ತಿ ಹೋಗದ ಖಿನ್ನತೆಯ ಜೊತೆ ದಿನ ಕಳೆಯುವುದು

ಇಷ್ಟೆಲ್ಲ ಆದ ಮೇಲೂ ಕೆಲವರಲ್ಲಿ ಖಿನ್ನತೆಯ ಒಂದು ಪಾಲು ಉಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಲವು ದೇಶಗಳ ತಜ್ಞರು ಇಂಥವರ ಚಿಕಿತ್ಸೆಯ ಗುರಿಯನ್ನೇ ಬೇರೆ ರೀತಿ ಯೋಚಿಸತೊಡಗಿದ್ದಾರೆ. ಲಕ್ಷಣಗಳನ್ನು ಪೂರ್ತಿ ಅಳಿಸುವುದೊಂದೇ ಗುರಿಯಾದರೆ ಪ್ರತಿ ಹೊಸ ಔಷಧವೂ ಮತ್ತೊಂದು ಸೋಲಾಗಿ ಕಾಣುತ್ತದೆ. ಅದರ ಬದಲು, ಲಕ್ಷಣಗಳನ್ನು ಸಾಧ್ಯವಾದಷ್ಟು ತಗ್ಗಿಸಿ, ಉಳಿದವನ್ನು ನಿಭಾಯಿಸಿಕೊಂಡು, ಕೆಲಸ, ಸಂಬಂಧ, ನಿದ್ದೆ ಇವನ್ನು ಎಷ್ಟು ಮರಳಿ ಪಡೆಯಬಹುದು ಎಂದು ನೋಡುವುದು. ಇದನ್ನು ಕೈಚೆಲ್ಲುವುದು ಎಂದು ತಿಳಿಯಬಾರದು. ಹುಡುಕಾಟ ನಡೆದೇ ಇರುತ್ತದೆ, ಆದರೆ ಬದುಕು ಅದು ಮುಗಿಯುವವರೆಗೆ ಕಾಯುವುದಿಲ್ಲ.

ದಿನನಿತ್ಯದಲ್ಲಿ ಇದು ಸಣ್ಣ ಸಣ್ಣ ವಿಷಯಗಳಿಗೆ ಇಳಿಯುತ್ತದೆ. ಖಿನ್ನತೆಯಲ್ಲಿ ಮನಸ್ಸು ಬಂದಾಗ ಮಾಡುತ್ತೇನೆ ಎಂದರೆ ಆ ಮನಸ್ಸು ಬರುವುದೇ ಇಲ್ಲ. ಮೊದಲು ಮಾಡುವುದು, ಮನಸ್ಸು ನಂತರ ಅಷ್ಟಿಷ್ಟು ಹಿಂಬಾಲಿಸುವುದು ಎಂಬುದೇ ಚಟುವಟಿಕೆ ಆಧಾರಿತ ಚಿಕಿತ್ಸೆಯ ತಿರುಳು. ಸ್ನಾನ, ಬಿಸಿಲಿನಲ್ಲಿ ಹದಿನೈದು ನಿಮಿಷದ ನಡಿಗೆ, ಒಬ್ಬರಿಗಾದರೂ ಫೋನು, ಇವನ್ನು ಹಿಂದಿನ ರಾತ್ರಿಯೇ ಬರೆದಿಟ್ಟು ಮಾಡುವುದು ಅಷ್ಟು ಚಿಕ್ಕದೆಂದು ಕಾಣಬಹುದು. ಕಾಯಿಲೆಯಲ್ಲಿರುವವರಿಗೆ ಅದು ಚಿಕ್ಕದಲ್ಲ. ಹಲವರಿಗೆ ಬೆಳಗಿನ ಹೊತ್ತೇ ಅತಿ ಕಷ್ಟದ್ದು. ಸಾಧ್ಯವಿರುವವರು ಮುಖ್ಯ ಕೆಲಸಗಳನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಏಳುವ ಹೊತ್ತನ್ನು ದಿನವೂ ಒಂದೇ ಇಡುವುದರಿಂದ ನಿದ್ದೆಗೆ ಸಹಾಯವಾಗುತ್ತದೆ. ವ್ಯಾಯಾಮದಿಂದ ಲಕ್ಷಣಗಳು ತಗ್ಗುತ್ತವೆ ಎಂಬುದಕ್ಕೆ ಆಧಾರವಿದೆ. ಯೋಗ, ಉಸಿರಾಟದ ಅಭ್ಯಾಸಗಳ ಬಗ್ಗೆ ನಿಮ್ಹಾನ್ಸ್‌ನಲ್ಲೇ ಸಂಶೋಧನೆಗಳು ನಡೆದಿವೆ. 2000ದಲ್ಲಿ ಪ್ರಕಟವಾದ 45 ರೋಗಿಗಳ ಅಧ್ಯಯನದಲ್ಲಿ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸದಿಂದಲೂ ಗಣನೀಯ ಗುಣ ಕಂಡಿತು, ಇಸಿಟಿ ಅದಕ್ಕಿಂತ ಮುಂದಿತ್ತು. ಆ ರೋಗಿಗಳು ಔಷಧಕ್ಕೆ ಮಣಿಯದವರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಯೋಗವನ್ನು ಚಿಕಿತ್ಸೆಯ ಜೊತೆಗೆ ಮಾಡಬಹುದು, ಚಿಕಿತ್ಸೆ ಬಿಟ್ಟು ಅದನ್ನೇ ನಂಬುವುದು ಅಪಾಯ.

ಪ್ರಯೋಜನ ಕಾಣುತ್ತಿಲ್ಲ ಎಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ತಲೆ ಸುತ್ತು, ಕಿರಿಕಿರಿ, ನಿದ್ದೆಗೇಡು, ಮೈಯಲ್ಲಿ ವಿದ್ಯುತ್ ಹರಿದಂಥ ಅನುಭವ ಇವು ಹಾಗೆ ನಿಲ್ಲಿಸಿದಾಗ ಬರಬಹುದು. ಅಲ್ಲದೆ, ಏನೂ ಮಾಡುತ್ತಿಲ್ಲ ಎಂದುಕೊಂಡ ಔಷಧ ನಿಜವಾಗಿ ಇನ್ನೂ ಕೆಳಗೆ ಬೀಳದಂತೆ ಹಿಡಿದಿರುವ ಸಾಧ್ಯತೆ ಇದೆ. ಡೋಸ್ ಇಳಿಸುವುದಾದರೆ ವೈದ್ಯರೊಂದಿಗೆ ಮಾತಾಡಿ, ನಿಧಾನವಾಗಿ.

ಮನೆಯವರ ಪಾತ್ರದ ಬಗ್ಗೆ ಎರಡು ಮಾತು. ಮನಸ್ಸು ಗಟ್ಟಿ ಮಾಡಿಕೋ, ನಿನಗೇನು ಕಮ್ಮಿಯಾಗಿದೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತುಗಳನ್ನು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಕೇಳುವವರಿಗೆ ಅದು ತನ್ನ ಸೋಲಿನ ಪಟ್ಟಿಗೆ ಇನ್ನೊಂದು ಸೇರಿದಂತೆ ಕೇಳುತ್ತದೆ. ಹರಕೆ ಹೊರುವುದರಿಂದ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದರಿಂದ ಮನಸ್ಸಿಗೆ ನೆಮ್ಮದಿ ಸಿಕ್ಕರೆ ಅದಕ್ಕೆ ಅಡ್ಡಿಯಿಲ್ಲ, ಮಾತ್ರೆ ತಪ್ಪಬಾರದು ಅಷ್ಟೆ. ಜೊತೆಗೆ ನಡೆಯಲು ಹೋಗುವುದು, ಆಸ್ಪತ್ರೆಯ ದಿನ ನೆನಪಿಡುವುದು, ಮಾತಾಡಲು ಒತ್ತಾಯಿಸದೆ ಪಕ್ಕದಲ್ಲಿ ಕೂರುವುದು, ಇವು ನಿಜವಾದ ಸಹಾಯ. ವರ್ಷಗಟ್ಟಲೆ ನೋಡಿಕೊಳ್ಳುವವರೂ ದಣಿಯುತ್ತಾರೆ. ಸರದಿಯಲ್ಲಿ ನೋಡಿಕೊಳ್ಳಲು ಅಕ್ಕನೋ ಭಾವನೋ ಒಬ್ಬರಾದರೂ ಕೈಜೋಡಿಸಿದರೆ ಆರೈಕೆ ದೀರ್ಘಕಾಲ ನಿಲ್ಲುತ್ತದೆ.

ಅಪಾಯದ ಸೂಚನೆಗಳು

ಹಲವು ಔಷಧಗಳು ಕೈಕೊಟ್ಟ ಮೇಲೆ ಇನ್ನು ಯಾವುದರಿಂದಲೂ ಆಗದು ಎಂಬ ಹತಾಶೆ ಬಲವಾಗುವುದರಿಂದ, ಈ ಹಂತದಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ತಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎನ್ನುವ ಮಾತು, ಇದ್ದಕ್ಕಿದ್ದಂತೆ ವಸ್ತುಗಳನ್ನು ಹಂಚುವುದು, ವಿದಾಯದಂಥ ಮಾತು ಕೇಳಿದರೆ ಸುಮ್ಮನಿರಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಸಮಾಧಾನದಿಂದ ಕೇಳಬೇಕು. ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ಒಬ್ಬರನ್ನೇ ಬಿಡಬಾರದು. ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಕೈಗೆ ಸಿಗದಂತೆ ಬೇರೆಯವರ ವಶಕ್ಕೆ ಕೊಡಬೇಕು. 25 ವರ್ಷದೊಳಗಿನವರು ಹೊಸ ಔಷಧ ಆರಂಭಿಸಿದ ಮೊದಲ ವಾರಗಳಲ್ಲಿ ಈ ನಿಗಾ ಇನ್ನೂ ಹೆಚ್ಚು ಬೇಕು.

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ. ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು.

ಎಲ್ಲಿ ಹೋಗಬೇಕು, ಏನು ಒಯ್ಯಬೇಕು

ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಕಲ್ಪನೆಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಪ್ರಯೋಗಿಸಿದ್ದು ಬಳ್ಳಾರಿಯಲ್ಲಿ. ಅದೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯರ ಸೇವೆ ದೊರೆಯುತ್ತದೆ. ಎರಡು ಔಷಧ ಸಾಲದಾದವರು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಯಲ್ಲಿ ಒಮ್ಮೆ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಈಗಿನ ವೈದ್ಯರ ಮೇಲೆ ಅಪನಂಬಿಕೆ ಎಂದು ಯಾರೂ ಅದನ್ನು ತಿಳಿಯಬೇಕಿಲ್ಲ.

ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಕಾಯ್ದೆಯಲ್ಲಿದೆ. ವರ್ಷಗಟ್ಟಲೆ ದುಡಿಯಲಾಗದ ಸ್ಥಿತಿ ಇದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇರುವುದರಿಂದ, ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಮಾಣಪತ್ರಕ್ಕೆ ಕೇಳಬಹುದು.

ಹೊಸ ವೈದ್ಯರಲ್ಲಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ: ಇದುವರೆಗೆ ತೆಗೆದುಕೊಂಡ ಪ್ರತಿ ಔಷಧದ ಹೆಸರು, ಅದರ ಗರಿಷ್ಠ ಡೋಸ್, ಎಷ್ಟು ವಾರ ತೆಗೆದುಕೊಂಡದ್ದು, ಎಷ್ಟರಮಟ್ಟಿಗೆ ಗುಣ ಕಂಡಿತು, ಯಾಕೆ ನಿಲ್ಲಿಸಿದ್ದು, ಥೈರಾಯ್ಡ್ ಮತ್ತು ರಕ್ತಪರೀಕ್ಷೆಯ ವರದಿಗಳು, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ಅದು, ಅವರಿಗೆ ಯಾವ ಔಷಧ ಒಗ್ಗಿತ್ತು ಎಂಬುದು. ಹಳೆಯ ಚೀಟಿಗಳು ಕಳೆದುಹೋಗಿದ್ದರೆ ಔಷಧ ಕೊಂಡ ಮೆಡಿಕಲ್ ಅಂಗಡಿಯಲ್ಲಿ ವಿಚಾರಿಸಿ. ಅವರ ಬಿಲ್‌ಗಳಲ್ಲಿ ಹೆಸರು, ಡೋಸ್ ಎರಡೂ ಸಿಗುವ ಸಾಧ್ಯತೆ ಇದೆ.